ನಾಲ್ಕು ಮೂಲೆ ಬಿಗಿ, ಒಳಗೆಲ್ಲ ಸಡಿಲ: ಚಿತ್ರಕ್ಕೆ ಕಟ್ಟು ಹಾಕುವ ಕೆಲಸ ನಡೆಯುವ ಬಗೆ

ಗೋಡೆಯ ಮೇಲೆ ತೂಗುತ್ತಿರುವ ಚಿತ್ರದ ಕಟ್ಟನ್ನು ಎದುರಿನಿಂದ ನೋಡಿದಾಗ ಕಾಣುವುದು ನಾಲ್ಕು ಪಟ್ಟಿ ಮತ್ತು ಒಂದು ಗಾಜು, ಅಷ್ಟೆ. ಅದನ್ನೇ ಕೆಳಗಿಳಿಸಿ, ಮಗುಚಿ ಹಾಕಿ, ಹಿಂಬದಿಗೆ ಅಂಟಿಸಿದ ಕಾಗದವನ್ನು ಬಿಡಿಸಿದರೆ, ಅದು ಮುಂದೆ ಗಾಜಿನ ಮುಚ್ಚಳವೂ ಹಿಂದೆ ರಟ್ಟಿನ ಮುಚ್ಚಳವೂ ಇರುವ, ಆಳ ಬಹಳ ಕಡಿಮೆಯಾದ ಒಂದು ಪೆಟ್ಟಿಗೆ ಎಂಬುದು ತಿಳಿಯುತ್ತದೆ. ಆ ಪೆಟ್ಟಿಗೆಯಲ್ಲಿ ಮರ, ಗಾಜು, ರಟ್ಟು, ಚಿತ್ರದ ಕಾಗದ ಎಂಬ ಬೇರೆ ಬೇರೆ ಸ್ವಭಾವದ ವಸ್ತುಗಳು ಹತ್ತಾರು ವರ್ಷ ಒಟ್ಟಿಗೆ ಬಾಳಬೇಕು. ಮಳೆಗಾಲದಲ್ಲಿ ಮರ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಾಗದ ತೇವ ಹೀರಿ ಹಿಗ್ಗುತ್ತದೆ. ಗಾಜು ಎರಡೂ ಕಾಲದಲ್ಲಿ ಹೆಚ್ಚುಕಡಿಮೆ ಇದ್ದ ಹಾಗೆಯೇ ಇರುತ್ತದೆ. ಆದ್ದರಿಂದ ಕಟ್ಟು ಹಾಕುವವರ ಜಾಣ್ಮೆಯೆಲ್ಲ ಯಾವುದನ್ನು ಬಿಗಿಯಾಗಿ ಹಿಡಿಯಬೇಕು, ಯಾವುದಕ್ಕೆ ಜಾಗ ಬಿಡಬೇಕು ಎಂಬ ತೀರ್ಮಾನದಲ್ಲಿ ಕಾಣುತ್ತದೆ. ಮೂಲೆಗಳು ನಾಲ್ಕೂ ಬಿಗಿಯಾಗಿರಬೇಕು. ಒಳಗಿರುವ ಯಾವುದೂ ಬಿಗಿಯಾಗಿರಬಾರದು. ಅಳತೆಯಿಂದ ಹಿಡಿದು ತೂಗುಹಾಕುವ ತಂತಿಯವರೆಗೆ ಈ ಕೆಲಸದ ಪ್ರತಿಯೊಂದು ಹಂತವೂ ಈ ಒಂದು ನಿಯಮಕ್ಕೆ ತಲೆಬಾಗಿ ನಡೆಯುತ್ತದೆ.

ನಮ್ಮ ಮನೆಗಳ ಗೋಡೆಗೆ ಕಟ್ಟು ಹಾಕಿದ ಪಟ ಬಂದ ಕಥೆಯಲ್ಲಿ ಅಚ್ಚಿನ ಚಿತ್ರಗಳ ಪಾಲು ದೊಡ್ಡದು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಸಾಮಾನ್ಯರ ಕೈಗೆ ಎಟುಕಿದವು. ಕುಂಕುಮ, ಹೊಗೆ, ಎಣ್ಣೆಯ ಜಿಡ್ಡುಗಳಿಂದ ಅವನ್ನು ಕಾಪಾಡಲು ಗಾಜು ಬೇಕಾಯಿತು, ಗಾಜನ್ನು ಹಿಡಿದಿಡಲು ಮರದ ಪಟ್ಟಿ ಬೇಕಾಯಿತು. ಇಂದಿಗೂ ಪೇಟೆಯ ಕಟ್ಟು ಹಾಕುವ ಅಂಗಡಿಗಳಲ್ಲಿ ದೇವರ ಪಟ, ಮದುವೆಯ ಫೋಟೋ, ತೀರಿಕೊಂಡ ಹಿರಿಯರ ಭಾವಚಿತ್ರ, ಸನ್ಮಾನಪತ್ರಗಳೇ ಹೆಚ್ಚು. ಇವುಗಳಲ್ಲಿ ಬಹುಪಾಲು 8×10, 12×18, 16×20 ಇಂಚುಗಳಂಥ ನಿಗದಿತ ಅಳತೆಗೆ ಬರುವುದರಿಂದ ಸಿದ್ಧ ಚೌಕಟ್ಟುಗಳೇ ಸಾಕಾಗುತ್ತವೆ. ಚಿತ್ರಕಾರರು ಕೈಯಿಂದ ಬರೆದ ಚಿತ್ರ, ಅಜ್ಜಿ ಹಾಕಿದ ಕಸೂತಿ, ಹಳೆಯ ಭೂಪಟ ಇಂಥವಕ್ಕೆ ನಿಗದಿತ ಅಳತೆಯೂ ಇಲ್ಲ, ನಿಗದಿತ ದಪ್ಪವೂ ಇಲ್ಲ. ಅಲ್ಲಿಂದಲೇ ಅಳತೆಗೆ ತಕ್ಕಂತೆ ಮಾಡುವ ಕೆಲಸ ಶುರುವಾಗುತ್ತದೆ. ಮೈಸೂರು ಶೈಲಿಯಲ್ಲಿ ಕಾಗದದ ಮೇಲೆ ಬರೆದ, 12 ಇಂಚು ಅಗಲ ಮತ್ತು 16 ಇಂಚು ಎತ್ತರದ ಒಂದು ಚಿತ್ರ ಕಾರ್ಯಾಗಾರಕ್ಕೆ ಬಂದಿದೆ ಎಂದಿಟ್ಟುಕೊಂಡು ಆ ಕೆಲಸವನ್ನು ಹಂತಹಂತವಾಗಿ ನೋಡಬಹುದು.

ಅಂಗಡಿಯ ಗೋಡೆಯ ಮೇಲೆ ಸಾಲಾಗಿ ಸಿಕ್ಕಿಸಿರುವ ಮೂಲೆಯ ತುಂಡುಗಳನ್ನು ಒಂದೊಂದಾಗಿ ಚಿತ್ರದ ಮೂಲೆಗೆ ಇಟ್ಟು ನೋಡುವುದು ಮೊದಲ ಹೆಜ್ಜೆ. ಗ್ರಾಹಕರ ಕಣ್ಣು ಸಾಮಾನ್ಯವಾಗಿ ಅಗಲವಾದ, ಹೆಚ್ಚು ಚಿನ್ನದ ಬಣ್ಣವಿರುವ ಪಟ್ಟಿಯ ಕಡೆಗೆ ಹೋಗುತ್ತದೆ. ಮೈಸೂರು ಚಿತ್ರದಲ್ಲಿ ಆಗಲೇ ಚಿನ್ನದ ರೇಕಿನ ಕೆಲಸ ಇರುವಾಗ ಸುತ್ತಲೂ ಇನ್ನಷ್ಟು ಹೊಳಪು ಹಾಕಿದರೆ ಚಿತ್ರದೊಳಗಿನ ಚಿನ್ನ ಮಂಕಾಗುತ್ತದೆ; ಇಂಥ ಚಿತ್ರಕ್ಕೆ ಒಳಅಂಚಿನಲ್ಲಿ ಮಾತ್ರ ತೆಳುವಾದ ಚಿನ್ನದ ಗೆರೆಯಿರುವ ಕಂದು ಬಣ್ಣದ ಮರದ ಪಟ್ಟಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ಪಟ್ಟಿಯ ಅಗಲವೂ ಚಿತ್ರದ ಸುತ್ತ ಬಿಡುವ ಅಂಚಿನ ಅಗಲವೂ ಒಂದೇ ಆಗಿದ್ದರೆ ಕಣ್ಣಿಗೆ ಸಮನಾದ ಪಟ್ಟೆಗಳು ಕಾಣುತ್ತವೆಯೇ ಹೊರತು ಚಿತ್ರವಲ್ಲ, ಆದ್ದರಿಂದ ಎರಡರಲ್ಲಿ ಒಂದನ್ನು ಬೇಕೆಂದೇ ಕಿರಿದಾಗಿಸುತ್ತಾರೆ.

ಪಟ್ಟಿಯ ಅಡ್ಡಕೊಯ್ತವನ್ನು ನೋಡಿದರೆ ಅದರ ರಚನೆ ಅರ್ಥವಾಗುತ್ತದೆ. ಮುಂಬದಿಯಲ್ಲಿ ಅಲಂಕಾರದ ಏರಿಳಿತಗಳಿರುತ್ತವೆ. ಒಳಅಂಚಿನ ಹಿಂಬದಿಯಲ್ಲಿ ಉದ್ದಕ್ಕೂ ಒಂದು ಮೆಟ್ಟಿಲಿನಂತೆ ಕೊರೆದಿರುತ್ತದೆ. ಇದನ್ನು ರಿಬೇಟು ಎನ್ನುತ್ತಾರೆ. ಗಾಜು, ಮೌಂಟ್ ಬೋರ್ಡು (ಚಿತ್ರ ಕಾಣಲು ನಡುವೆ ಕಿಂಡಿ ಕತ್ತರಿಸಿದ, ಚಿತ್ರದ ಸುತ್ತ ಅಂಚಾಗಿ ಕಾಣುವ ರಟ್ಟು), ಚಿತ್ರ, ಹಿಂಬದಿಯ ರಟ್ಟು ಎಲ್ಲವೂ ಕೂಡುವುದು ಈ ಮೆಟ್ಟಿಲಿನ ಮೇಲೆ. ಅದರ ಅಗಲ ಸಾಮಾನ್ಯವಾಗಿ ಕಾಲು ಇಂಚು, ಅಂದರೆ ಅಷ್ಟು ಭಾಗ ಒಳಗಿನ ವಸ್ತುಗಳ ಅಂಚನ್ನು ಪಟ್ಟಿ ಮುಚ್ಚುತ್ತದೆ. ಅದರ ಆಳ ಒಳಗಿಡುವ ಪದರಗಳ ಒಟ್ಟು ದಪ್ಪಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ಹಿಂಬದಿಯ ರಟ್ಟು ಹೊರಚಾಚಿ, ಅದನ್ನು ಹಿಡಿಯಲು ಮೊಳೆಗೆ ಜಾಗವೇ ಇರುವುದಿಲ್ಲ. ಅಂಗಡಿಯಲ್ಲಿ ಪಟ್ಟಿಯನ್ನು ಆರಿಸುವಾಗ ಎಲ್ಲರೂ ಮುಖವನ್ನೇ ನೋಡುತ್ತಾರೆ. ಕಸುಬುದಾರ ಮಾತ್ರ ಅದನ್ನು ತಿರುಗಿಸಿ ಈ ಆಳವನ್ನು ನೋಡುತ್ತಾನೆ.

ಲೆಕ್ಕ ಹೀಗೆ ಸಾಗುತ್ತದೆ. ಚಿತ್ರದ ಅಂಚು ಕಿಂಡಿಯಿಂದ ಜಾರಬಾರದೆಂದು ಮೌಂಟ್ ಬೋರ್ಡು ಪ್ರತಿ ಬದಿಯಲ್ಲಿ ಕಾಲು ಇಂಚಿನಷ್ಟು ಚಿತ್ರವನ್ನು ಮುಚ್ಚಬೇಕು, ಆದ್ದರಿಂದ ಕಿಂಡಿಯ ಅಳತೆ ಹನ್ನೊಂದೂವರೆ ಇಂಚು ಅಗಲ, ಹದಿನೈದೂವರೆ ಇಂಚು ಎತ್ತರ. ಮೇಲೆ ಮತ್ತು ಎರಡು ಪಕ್ಕಗಳಲ್ಲಿ ಎರಡೂವರೆ ಇಂಚು, ಕೆಳಗೆ 3 ಇಂಚು ಅಂಚು ಬಿಟ್ಟರೆ ಬೋರ್ಡಿನ ಹೊರ ಅಳತೆ ಹದಿನಾರೂವರೆ ಇಂಚು ಅಗಲ, 21 ಇಂಚು ಎತ್ತರ ಆಗುತ್ತದೆ. ಕೆಳಗೆ ಅರ್ಧ ಇಂಚು ಹೆಚ್ಚು ಬಿಡುವುದು ಹಳೆಯ ರೂಢಿ; ನಾಲ್ಕೂ ಕಡೆ ಸಮನಾಗಿ ಬಿಟ್ಟರೆ ಚಿತ್ರ ಕೆಳಕ್ಕೆ ಜಾರಿದಂತೆ ಕಣ್ಣಿಗೆ ಅನ್ನಿಸುತ್ತದೆ. ಗಾಜೂ ಹಿಂಬದಿಯ ರಟ್ಟೂ ಇದೇ ಅಳತೆಯವು. ಆದರೆ ಅವು ಕೂಡುವ ಮೆಟ್ಟಿಲಿನ ಅಳತೆಯನ್ನು ಎರಡೂ ದಿಕ್ಕಿನಲ್ಲಿ ಒಂದು ನೂಲು, ಅಂದರೆ ಇಂಚಿನ ಎಂಟನೆಯ ಒಂದು ಭಾಗದಷ್ಟು, ದೊಡ್ಡದಾಗಿ ಇಡುತ್ತಾರೆ. ಮೊದಲು ಹೇಳಿದ ಸಡಿಲು ಇದೇ. ಹೊಸಬರು ಈ ಸಡಿಲಿಗೆ ಜಾಗ ಕೊಡದೆ ಅಚ್ಚುಕಟ್ಟಾಗಿ ಕೂರಿಸಲು ಹೋಗುತ್ತಾರೆ. ಮರ ತೇವಕ್ಕೆ ಉಬ್ಬಿದಾಗ, ಅಥವಾ ಗೋಡೆಯಿಂದ ಇಳಿಸುವಾಗ ಕಟ್ಟು ಸ್ವಲ್ಪ ತಿರುಚಿದಾಗ, ಹಾಗೆ ಕೂರಿಸಿದ ಗಾಜಿನ ಮೂಲೆ ಸಿಡಿಯುತ್ತದೆ.

ಇನ್ನು ಪಟ್ಟಿ ಎಷ್ಟು ಬೇಕು? ಒಂದೂವರೆ ಇಂಚು ಅಗಲದ ಪಟ್ಟಿಯಲ್ಲಿ ಕಾಲು ಇಂಚು ಒಳಗಿನ ವಸ್ತುಗಳ ಮೇಲೆ ಕೂರುತ್ತದೆ, ಉಳಿದ ಒಂದೂಕಾಲು ಇಂಚು ಹೊರಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿ ಬದಿಯ ಹೊರ ಉದ್ದ ಮೆಟ್ಟಿಲಿನ ಅಳತೆಗಿಂತ ಎರಡೂವರೆ ಇಂಚು ಹೆಚ್ಚು, ನಾಲ್ಕೂ ಬದಿ ಸೇರಿ ಎಂಬತ್ತೈದೂವರೆ ಇಂಚು. ಅಂಗಡಿಯವರು ಇಷ್ಟೆಲ್ಲ ಕೂಡಿಸುತ್ತ ಕೂರುವುದಿಲ್ಲ. ಗಾಜಿನ ಸುತ್ತಳತೆಗೆ ಪಟ್ಟಿಯ ಅಗಲದ ಎಂಟು ಪಟ್ಟನ್ನು ಸೇರಿಸಿ ಎಂಬ ಬಾಯಿಲೆಕ್ಕದಿಂದ 75ಕ್ಕೆ 12 ಸೇರಿ 87 ಇಂಚು ಎಂದು ಥಟ್ಟನೆ ಹೇಳುತ್ತಾರೆ. ನಿಖರ ಲೆಕ್ಕಕ್ಕಿಂತ ಹೆಚ್ಚು ಬಂದ ಒಂದೂವರೆ ಇಂಚು ಗರಗಸದ ಹೊಟ್ಟಿಗೆ ಮತ್ತು ತುದಿಯನ್ನು ಸಮಮಾಡಲು ಹೋಗುತ್ತದೆ. ಅಗಲವಾದ ಪಟ್ಟಿ ಆರಿಸಿದಾಗ ಬೆಲೆ ಎರಡು ಕಡೆಯಿಂದ ಏರುವುದೂ ಇದೇ ಕಾರಣಕ್ಕೆ: ಅಡಿಯ ದರವೂ ಹೆಚ್ಚು, ಬೇಕಾಗುವ ಅಡಿಯೂ ಹೆಚ್ಚು. ಪಟ್ಟಿಗಳು ಬರುವುದು ಸುಮಾರು ಒಂಬತ್ತೂವರೆ, ಹತ್ತು ಅಡಿ ಉದ್ದಕ್ಕೆ. ಈ ಕಟ್ಟಿಗೆ ಬಳಸಿ ಉಳಿಯುವ ಎರಡು, ಎರಡೂವರೆ ಅಡಿಯ ತುಂಡು ಅಂಗಡಿಯ ಮೂಲೆ ಸೇರಿ, ಯಾವಾಗಲೋ ಒಂದು ಸಣ್ಣ ದೇವರ ಪಟಕ್ಕೆ ಆಗುತ್ತದೆ.

ಹಿಂದೆ ತೇಗ, ಬೀಟೆ ಮರದ ಪಟ್ಟಿಗಳನ್ನು ಬಡಗಿಗಳೇ ಹತ್ತರಿ ಹಿಡಿದು ಮಾಡುತ್ತಿದ್ದರು. ಈಗ ಅಂಗಡಿಗಳಲ್ಲಿ ಕಾಣುವ ಹೆಚ್ಚಿನವು ಜನ ಫೈಬರ್ ಎಂದು ಕರೆಯುವ, ನಿಜವಾಗಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನಿಂದ ಮಾಡಿದ ಪಟ್ಟಿಗಳು. ಇವಕ್ಕೆ ಗೆದ್ದಲು ಹತ್ತುವುದಿಲ್ಲ, ತೇವಕ್ಕೆ ಉಬ್ಬುವುದಿಲ್ಲ, ಬೆಲೆಯೂ ಕಡಿಮೆ. ಕರಾವಳಿಯ ಮತ್ತು ಮಲೆನಾಡಿನ ಮನೆಗಳಿಗೆ ಇವನ್ನು ಕೀಳೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಭಾರದ ದೊಡ್ಡ ಕಟ್ಟಿಗೆ ಇವು ನಡುವೆ ಬಾಗುತ್ತವೆ, ತಿರುಪುಮೊಳೆಯನ್ನು ಮರ ಹಿಡಿದಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಮೇಲಿನ ಬಣ್ಣದ ಪದರ ಕೆತ್ತಿಹೋದರೆ ಮತ್ತೆ ಉಜ್ಜಿ ಪಾಲಿಶ್ ಮಾಡುವಂತಿಲ್ಲ.

ಇಡೀ ಕೆಲಸದಲ್ಲಿ ಅತ್ಯಂತ ಕಠಿಣವಾದದ್ದು 45 ಡಿಗ್ರಿಯ ಕೊಯ್ತ. ನಾಲ್ಕು ಮೂಲೆಗೆ ಎಂಟು ತುದಿಗಳು; ಎಂಟೂ ಸರಿಯಾಗಿ 45 ಡಿಗ್ರಿ ಇದ್ದಾಗ ಮಾತ್ರ ಒಟ್ಟು 360 ಡಿಗ್ರಿ ಆಗಿ ಚೌಕಟ್ಟು ಕೂಡಿಕೊಳ್ಳುತ್ತದೆ. ಗರಗಸ ಕಾಲು ಡಿಗ್ರಿಯಷ್ಟು ಕಡಿಮೆ ಕೊಯ್ದರೆ ಒಂದು ತುದಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಟು ತುದಿಗಳಲ್ಲಿ ಅದೇ ತಪ್ಪು ಸೇರಿದಾಗ 2 ಡಿಗ್ರಿ ಆಗುತ್ತದೆ, ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದ ಮೇಲೆ ಆ ಎರಡೂ ಡಿಗ್ರಿ ನಾಲ್ಕನೆಯ ಮೂಲೆಯಲ್ಲಿ ಬಂದು ನಿಲ್ಲುತ್ತದೆ. ಒಂದೂವರೆ ಇಂಚಿನ ಪಟ್ಟಿಯಲ್ಲಿ ಅದು ಸುಮಾರು 2 ಮಿಲಿಮೀಟರ್ ಸಂದು. ಪಟ್ಟಿ ಅಗಲವಾದಷ್ಟೂ ಸಂದು ದೊಡ್ಡದಾಗುತ್ತದೆ. ಅದಕ್ಕೆ ಮೇಣ ತುಂಬಿ ಬಣ್ಣ ಬಳಿದು ಮರೆಮಾಡಬಹುದಾದರೂ ಆ ಮೂಲೆಯಲ್ಲಿ ಮರಕ್ಕೆ ಮರ ತಾಗಿಲ್ಲದ ಕಾರಣ ಅಂಟಿಗೆ ಶಕ್ತಿ ಇರುವುದಿಲ್ಲ. ಕೋನದಷ್ಟೇ ಮುಖ್ಯವಾದದ್ದು ಎದುರುಬದುರಿನ ಪಟ್ಟಿಗಳ ಉದ್ದ. ಎಂಟು ಕೋನಗಳೂ ಸರಿಯಿದ್ದು ಒಂದು ಪಟ್ಟಿ ತನ್ನ ಜೋಡಿಗಿಂತ ಒಂದು ಮಿಲಿಮೀಟರ್ ಉದ್ದವಾದರೂ ಮೂಲೆ ಕೂಡುವುದಿಲ್ಲ. ಅದಕ್ಕೇ ಮೊದಲ ಪಟ್ಟಿ ಕೊಯ್ದ ಮೇಲೆ ಅದರ ಜೋಡಿಯನ್ನು ಅಳತೆಪಟ್ಟಿ ಇಟ್ಟು ಅಳೆಯುವುದಿಲ್ಲ. ಯಂತ್ರದ ಮೇಲೆ ಒಂದು ತಡೆಯನ್ನು ಬಿಗಿದು, ಎರಡನ್ನೂ ಅದೇ ತಡೆಗೆ ತಾಗಿಸಿ ಕೊಯ್ಯುತ್ತಾರೆ, ಆಮೇಲೆ ಬೆನ್ನಿಗೆ ಬೆನ್ನು ಹಚ್ಚಿ ತುದಿಗಳ ಮೇಲೆ ಬೆರಳಾಡಿಸಿ ನೋಡುತ್ತಾರೆ. ಕಣ್ಣಿಗೆ ತಪ್ಪಿದ ವ್ಯತ್ಯಾಸ ಬೆರಳಿಗೆ ಸಿಗುತ್ತದೆ.

ಕೊಯ್ಯುವ ಸಾಧನಗಳಲ್ಲಿ ಮೂರು ಬಗೆ. ಚಿಕ್ಕ ಅಂಗಡಿಗಳಲ್ಲಿ 45 ಡಿಗ್ರಿಯ ಸೀಳಿರುವ ಮರದ ತೊಟ್ಟಿಯಲ್ಲಿ ಪಟ್ಟಿಯನ್ನಿಟ್ಟು ಕೈಗರಗಸದಿಂದ ಕೊಯ್ಯುತ್ತಾರೆ. ಸೀಳು ಸವೆದ ಹಾಗೆ ಕೋನವೂ ಸವೆಯುತ್ತದೆ. ಎರಡನೆಯದು ವಿದ್ಯುತ್ ಗರಗಸ, ಅದರಲ್ಲೂ ಎರಡು ಅಲಗುಗಳು ಒಂದೇ ಸಲ ಎರಡೂ ಕೋನಗಳನ್ನು ಕೊಯ್ಯುವ ಯಂತ್ರ. ಮೂರನೆಯದು ಡೆನ್ಮಾರ್ಕಿನ ಮೋರ್ಸೊ ಯಂತ್ರದಂಥ, ಕಾಲಿನಿಂದ ತುಳಿದು ನಡೆಸುವ ಕತ್ತಿ. ಇದರಲ್ಲಿ ಗರಗಸವೇ ಇಲ್ಲ. ಹರಿತವಾದ ಎರಡು ಅಲಗುಗಳು ಮೇಲಿನಿಂದ ಇಳಿದು ಪಟ್ಟಿಯಿಂದ ತ್ರಿಕೋನಾಕಾರದ ತುಂಡನ್ನು ಸ್ವಲ್ಪಸ್ವಲ್ಪವಾಗಿ ಕಚ್ಚಿ ತೆಗೆಯುತ್ತವೆ, ಕೊನೆಯ ಕಚ್ಚು ಬಹಳ ತೆಳುವಾಗಿದ್ದರೆ ಕೊಯ್ತದ ಮುಖ ಉಜ್ಜುವ ಅಗತ್ಯವೇ ಇಲ್ಲದಷ್ಟು ನುಣುಪಾಗಿ ಬರುತ್ತದೆ. ಹೊಟ್ಟೂ ಏಳುವುದಿಲ್ಲ. ಚಿತ್ರ, ಗಾಜು ಇರುವ ಕೋಣೆಯಲ್ಲೇ ಕೊಯ್ಯಬೇಕಾದ ಅಂಗಡಿಗೆ ಇದು ಸಣ್ಣ ಲಾಭವಲ್ಲ.

ಮೂಲೆ ಕೂಡಿಸುವಾಗ ಎದುರಾಗುವ ತೊಡಕು ಮರದ ನಾರಿನದು. ಓರೆಯಾಗಿ ಕೊಯ್ದ ತುದಿಯಲ್ಲಿ ನಾರಿನ ಕೊಳವೆಗಳ ಬಾಯಿ ತೆರೆದಿರುವುದರಿಂದ ಹಚ್ಚಿದ ಅಂಟನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ, ಕೂಡುವ ಮುಖದಲ್ಲಿ ಅಂಟೇ ಉಳಿಯುವುದಿಲ್ಲ. ಅದಕ್ಕಾಗಿ ಮೊದಲು ತೆಳುವಾಗಿ ಒಂದು ಸಲ ಅಂಟು ಬಳಿದು, ಅದು ಹೀರಿಕೊಂಡ ಮೇಲೆ ಇನ್ನೊಮ್ಮೆ ಬಳಿದು ಕೂಡಿಸುತ್ತಾರೆ. ಅಂಟಿನ ಜೊತೆಗೆ ಲೋಹದ ಹಿಡಿತವೂ ಬೇಕು. ಹಳೆಯ ಕಟ್ಟುಗಳಲ್ಲಿ ಪಕ್ಕದಿಂದ ಹೊಡೆದ ಮೊಳೆಯ ತಲೆಗಳು ಕಾಣುತ್ತವೆ. ಈಗ ಚೌಕಟ್ಟನ್ನು ಯಂತ್ರದ ಮೇಲಿಟ್ಟು ಹಿಂಬದಿಯಿಂದ ಇಂಗ್ಲಿಷಿನ ವಿ ಅಕ್ಷರದ ಆಕಾರದ ಉಕ್ಕಿನ ಮೊಳೆಗಳನ್ನು ಮೂಲೆಯೊಳಕ್ಕೆ ಒತ್ತುತ್ತಾರೆ. ಅದರ ಎರಡು ರೆಕ್ಕೆಗಳು ಎರಡು ಪಟ್ಟಿಗಳನ್ನೂ ಹಿಡಿದು ಒಂದಕ್ಕೊಂದು ಎಳೆಯುತ್ತವೆ. ಮರಕ್ಕೆ ಬಳಸುವ ಬಿಳಿ ಅಂಟು ಫೈಬರ್ ಪಟ್ಟಿಗೆ ಹಿಡಿಯುವುದಿಲ್ಲ. ಅದಕ್ಕೆ ಕ್ಷಣದಲ್ಲಿ ಗಟ್ಟಿಯಾಗುವ ಬೇರೆ ಅಂಟೇ ಬೇಕು. ಅಗ್ಗದ ಕಟ್ಟುಗಳ ಮೂಲೆಗಳು ವರ್ಷದೊಳಗೆ ಬಾಯಿಬಿಡಲು ಅನೇಕ ಸಲ ಪಟ್ಟಿಗಿಂತ ಈ ತಪ್ಪು ಅಂಟೇ ಕಾರಣ.

ಎಷ್ಟು ಚೆನ್ನಾಗಿ ಕೂಡಿಸಿದರೂ ಮರದ ಅಗಲವಾದ ಪಟ್ಟಿಗಳ ಮೂಲೆ ಋತುವಿಗೆ ತಕ್ಕಂತೆ ಅಲುಗುತ್ತದೆ. ಮರ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಗಲಕ್ಕೆ ಬದಲಾಗುತ್ತದೆ. ಒಣ ಹವೆಯಲ್ಲಿ ಅಗಲ ಕುಗ್ಗಿದಾಗ ತುದಿಯ ಕೋನ 45 ಡಿಗ್ರಿಗಿಂತ ತುಸು ಕಡಿಮೆಯಾಗುತ್ತದೆ, ಆಗ ಹೊರ ಮೊನೆಗಳು ಕೂಡಿಕೊಂಡಿದ್ದು ಒಳಬದಿಯಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಮಳೆಗಾಲದಲ್ಲಿ ಉಬ್ಬಿದಾಗ ಇದಕ್ಕೆ ವಿರುದ್ಧವಾಗಿ ಹೊರ ಮೊನೆಯಲ್ಲಿ ಸಂದು ಕಾಣುತ್ತದೆ. ಹಾಗಾಗಿ ಕಟ್ಟಿನ ಮೂಲೆ ಒಳಗಡೆ ಬಿಟ್ಟಿದೆಯೋ ಹೊರಗಡೆ ಬಿಟ್ಟಿದೆಯೋ ಎಂದು ನೋಡಿ, ಪಟ್ಟಿ ಮಾಡುವಾಗ ಮರ ಚೆನ್ನಾಗಿ ಒಣಗಿತ್ತೋ ಇಲ್ಲವೋ ಎಂದು ಅನುಭವಿಗಳು ಊಹಿಸುತ್ತಾರೆ. ಹಸಿ ಮರದ ಪಟ್ಟಿಯಾದರೆ ಮೊದಲ ಬೇಸಿಗೆಯಲ್ಲೇ ಒಳಬದಿ ಬಿಡುತ್ತದೆ.

ಗಾಜು ಕೊಯ್ಯುವುದು ಎನ್ನುತ್ತೇವಾದರೂ ಅಲ್ಲಿ ನಡೆಯುವುದು ಬಿರುಕನ್ನು ಬೇಕಾದ ಕಡೆಗೆ ನಡೆಸುವ ಕೆಲಸ. ವಜ್ರದ ಮೊನೆ ಅಥವಾ ಗಟ್ಟಿ ಲೋಹದ ಚಿಕ್ಕ ಚಕ್ರದಿಂದ ಗಾಜಿನ ಮೇಲೆ ಒಂದೇ ಸಲ, ಒಂದೇ ಒತ್ತಡದಲ್ಲಿ ಗೆರೆ ಎಳೆದು, ಆ ಗೆರೆಯನ್ನು ಮೇಜಿನ ಅಂಚಿಗೆ ತಂದು ಮೆಲ್ಲನೆ ಬಗ್ಗಿಸಿದರೆ ಬಿರುಕು ಗೆರೆಯ ಗುಂಟ ಓಡುತ್ತದೆ. ಅದೇ ಗೆರೆಯ ಮೇಲೆ ಎರಡನೆಯ ಸಲ ಎಳೆದರೆ ಅಂಚು ಚಕ್ಕೆಯೇಳುತ್ತದೆ, ಬಿರುಕು ದಾರಿ ತಪ್ಪುತ್ತದೆ. ಕಟ್ಟುಗಳಿಗೆ ಸಾಮಾನ್ಯವಾಗಿ ಬಳಸುವುದು 2 ಮಿಲಿಮೀಟರ್ ದಪ್ಪದ ಗಾಜು. ಅದರ ತೂಕ ಒಂದು ಚದರ ಮೀಟರಿಗೆ 5 ಕೆ.ಜಿ.; ನಮ್ಮ ಉದಾಹರಣೆಯ ಕಟ್ಟಿನಲ್ಲಿ ಒಂದು ಕೆ.ಜಿ.ಗೆ ತುಸು ಹೆಚ್ಚು, 3 ಅಡಿ ಅಗಲ ಮತ್ತು 4 ಅಡಿ ಎತ್ತರದ ಕಟ್ಟಿನಲ್ಲಿ ಐದೂವರೆ ಕೆ.ಜಿ.ಗೂ ಮೀರುತ್ತದೆ. ದೊಡ್ಡ ಕಟ್ಟುಗಳಿಗೆ ಅಕ್ರಿಲಿಕ್ ಹಾಳೆ ಬಳಸುವುದಕ್ಕೆ ಇದು ಕಾರಣ. ಅದರ ತೂಕ ಗಾಜಿನ ಅರ್ಧಕ್ಕಿಂತಲೂ ಕಡಿಮೆ, ಒಡೆದು ಚೂರಾಗುವ ಭಯವಿಲ್ಲ. ಆದರೆ ಬಿಸಿಗೆ ಅದು ಗಾಜಿಗಿಂತ ಹಲವು ಪಟ್ಟು ಹಿಗ್ಗುತ್ತದೆ. 4 ಅಡಿಯ ಹಾಳೆ 20 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಒಂದೂವರೆ ಮಿಲಿಮೀಟರ್‌ಗೂ ಹೆಚ್ಚು ಉದ್ದವಾಗುವುದರಿಂದ ಅಲ್ಲಿ ಸಡಿಲನ್ನು ಇನ್ನಷ್ಟು ಬಿಡಬೇಕು, ಇಲ್ಲವಾದರೆ ಹಾಳೆ ನಡುವೆ ಡೊಳ್ಳಾಗಿ ಚಿತ್ರಕ್ಕೆ ತಾಗುತ್ತದೆ. ಉಜ್ಜಿದಾಗ ಅದರಲ್ಲಿ ಸ್ಥಾಯೀ ವಿದ್ಯುತ್ ಹುಟ್ಟುವುದರಿಂದ ಇದ್ದಿಲು, ಸೀಮೆಸುಣ್ಣದಂಥ ಪುಡಿಬಣ್ಣದ ಚಿತ್ರಗಳಿಗೆ ಅದನ್ನು ಹಾಕಲೇಬಾರದು. ಪುಡಿ ಎದ್ದು ಹಾಳೆಗೆ ಅಂಟುತ್ತದೆ.

ಪ್ರತಿಫಲನದ ವಿಷಯದಲ್ಲಿ ಗ್ರಾಹಕರು ಹೆಚ್ಚಾಗಿ ಮೋಸಹೋಗುವುದುಂಟು. ಸಾಮಾನ್ಯ ಗಾಜಿನ ಎರಡೂ ಮುಖಗಳು ಸೇರಿ ಸುಮಾರು ನೂರಕ್ಕೆ 8 ಭಾಗ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ, ಅದರಲ್ಲಿ ಎದುರಿನ ಕಿಟಕಿ ಕಾಣುತ್ತದೆ. ಇದನ್ನು ತಪ್ಪಿಸಲು ಮಾರುವ ಅಗ್ಗದ ಗಾಜಿನ ಮುಖವನ್ನು ಆಮ್ಲದಿಂದ ತುಸು ಒರಟಾಗಿಸಿರುತ್ತಾರೆ. ಅದು ಬೆಳಕನ್ನು ಚದುರಿಸುತ್ತದೆ, ಚಿತ್ರಕ್ಕೆ ತಾಗಿಕೊಂಡಿದ್ದಾಗ ಸರಿಯಾಗಿಯೇ ಕಾಣುತ್ತದೆ, ಆದರೆ ನಡುವೆ ಮೌಂಟ್ ಬೋರ್ಡಿನಷ್ಟು ಅಂತರ ಬಂದರೂ ಚಿತ್ರ ಮಂಜಾಗುತ್ತದೆ. ಮೈಸೂರು ಚಿತ್ರದ ಕೂದಲೆಳೆಯ ಗೆರೆಗಳಿಗೆ ಇದು ಸಲ್ಲದು. ತೆಳುವಾದ ಲೇಪನಗಳಿಂದ ಪ್ರತಿಫಲನವನ್ನು ನೂರಕ್ಕೆ ಒಂದಕ್ಕಿಂತ ಕೆಳಗಿಳಿಸಿದ ಗಾಜು ಸಿಗುತ್ತದೆ, ಬೆಲೆ ಮಾತ್ರ ಕಟ್ಟಿನ ಉಳಿದೆಲ್ಲ ಖರ್ಚನ್ನೂ ಮೀರಬಹುದು. ನೇರಳಾತೀತ ಕಿರಣಗಳನ್ನು ತಡೆಯುವ ಗಾಜು ಬಣ್ಣ ಮಾಸುವುದನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಕೊಲ್ಲುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಕಾಗದದ ಮೇಲಿನ ಜಲವರ್ಣಗಳಿಗೆ 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಇಡುವುದು ಇದಕ್ಕಾಗಿ.

ಮೌಂಟ್ ಬೋರ್ಡನ್ನು ಜನ ಅಲಂಕಾರವೆಂದು ತಿಳಿದಿದ್ದಾರೆ. ಅದರ ಮೊದಲ ಕೆಲಸ ಗಾಜನ್ನು ಚಿತ್ರದಿಂದ ದೂರ ಇಡುವುದು. ರಾತ್ರಿ ತಣ್ಣಗಾದ ಗಾಜಿನ ಒಳಮುಖದಲ್ಲಿ ತೇವ ಸೇರುತ್ತದೆ, ಚಿತ್ರ ಅದಕ್ಕೆ ತಾಗಿದ್ದರೆ ಅಲ್ಲಿ ಬೂಷ್ಟು ಹತ್ತುತ್ತದೆ. ಹಳೆಯ ಫೋಟೋಗಳ ಮೇಲ್ಪದರ ಜೆಲಟಿನ್‌ನದಾದ್ದರಿಂದ ತೇವಕ್ಕೆ ಮೆತ್ತಗಾಗಿ ಗಾಜಿಗೇ ಅಂಟಿಬಿಡುತ್ತದೆ. ಅಜ್ಜ ಅಜ್ಜಿಯರ ಫೋಟೋಗಳಲ್ಲಿ ಅಲ್ಲಲ್ಲಿ ಹೊಳೆಯುವ ಒದ್ದೆ ಮಚ್ಚೆಗಳಂತೆ ಕಾಣುವುದು ಹೀಗೆ ಅಂಟಿದ ಜಾಗಗಳು, ಅಂಥವನ್ನು ಎಳೆದು ಬಿಡಿಸಲು ಹೋದರೆ ಮುಖವೇ ಗಾಜಿನ ಜೊತೆ ಬರುತ್ತದೆ. ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಬೋರ್ಡಿನಲ್ಲಿ ಕಿಂಡಿಯನ್ನು ಓರೆಯಾಗಿ, 45 ಡಿಗ್ರಿಗೆ ಅಲಗು ಹಿಡಿದು ಕತ್ತರಿಸುತ್ತಾರೆ. ಮೂಲೆಯಲ್ಲಿ ಅಲಗು ಒಂದಿಷ್ಟು ಹೆಚ್ಚು ಸಾಗಿದರೆ ಗೀರು ಉಳಿಯುತ್ತದೆ, ಕಡಿಮೆಯಾದರೆ ಮೂಲೆ ಹರಿಯುತ್ತದೆ. ಹೀಗೆ ಕಾಣುವ ಓರೆಯ ಬಿಳಿ ಅಂಚೇ ಬೋರ್ಡಿನ ಗುಣವನ್ನು ಮುಂದೆ ಹೇಳಿಬಿಡುತ್ತದೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಬೋರ್ಡಿನಲ್ಲಿ ಉಳಿದಿರುವ ಲಿಗ್ನಿನ್ ಕಾಲಕ್ರಮದಲ್ಲಿ ಆಮ್ಲವಾಗಿ ಅಂಚನ್ನು ಹಳದಿ, ಆಮೇಲೆ ಕಂದು ಮಾಡುತ್ತದೆ, ಚಿತ್ರದ ಕಾಗದದ ಮೇಲೂ ಕಿಂಡಿಯ ಗೆರೆಯನ್ನೇ ಸುಟ್ಟ ಹಾಗೆ ಮೂಡಿಸುತ್ತದೆ. ಆಮ್ಲರಹಿತ ಬೋರ್ಡಿಗೆ ಬೆಲೆ ಹೆಚ್ಚು. ಖರ್ಚು ಕಡಿಮೆ ಮಾಡಲೇಬೇಕಾದರೆ ಪಟ್ಟಿಯಲ್ಲಿ ಮಾಡಿ, ಬೋರ್ಡಿನಲ್ಲಿ ಬೇಡ.

ಚಿತ್ರವನ್ನು ಬೋರ್ಡಿಗೆ ಹಿಡಿಸುವ ಬಗೆಯಲ್ಲಿ ನಮ್ಮ ಅಂಗಡಿಗಳು ಎಡವುವುದು ಹೆಚ್ಚು. ಹಿಂಬದಿಗೆಲ್ಲ ಅಂಟು ಬಳಿದು ರಟ್ಟಿಗೆ ಅಂಟಿಸಿಬಿಡುವುದು, ಇಲ್ಲವೆ ಪಾರದರ್ಶಕ ಟೇಪಿನಿಂದ ನಾಲ್ಕೂ ಬದಿ ಬಿಗಿಯುವುದು ರೂಢಿ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆ ಕಲೆ ಹೋಗುವುದಿಲ್ಲ. ನಾಲ್ಕೂ ಬದಿ ಬಿಗಿದ ಕಾಗದ ತೇವಕ್ಕೆ ಹಿಗ್ಗಿದಾಗ ಹೋಗಲು ಜಾಗವಿಲ್ಲದೆ ಅಲೆಅಲೆಯಾಗಿ ಎದ್ದು ನಿಲ್ಲುತ್ತದೆ. ಸರಿಯಾದ ಕ್ರಮದಲ್ಲಿ ಮೇಲಂಚಿನಲ್ಲಿ ಮಾತ್ರ ಎರಡು ಕಡೆ, ಜಪಾನಿನ ಉದ್ದ ನಾರಿನ ತೆಳುಕಾಗದದ ಚಿಕ್ಕ ಪಟ್ಟಿಗಳನ್ನು ಗೋಧಿಪಿಷ್ಟದ ಗಂಜಿಯಿಂದ ಅಂಟಿಸಿ ಚಿತ್ರವನ್ನು ಇಳಿಬಿಡುತ್ತಾರೆ. ಉಳಿದ ಮೂರು ಬದಿಗಳು ಬಿಡುವಾಗಿರುತ್ತವೆ. ಬೇಕೆಂದಾಗ ನೀರು ಸೋಕಿಸಿ ಬಿಡಿಸಲೂಬಹುದು. ಹಳೆಯ ಕಾಲದ ಮೈದಾ ಅಂಟೂ ಹೀಗೆ ನೀರಿಗೆ ಬಿಡುವಂಥದ್ದೇ. ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಆ ತಾಮ್ರದ ಲವಣ ಕಾಗದಕ್ಕೆ ಒಳ್ಳೆಯದಲ್ಲ, ಆದ್ದರಿಂದ ಮೂಲ ಚಿತ್ರಗಳಿಗೆ ಅದು ಬೇಡ.

ನಮ್ಮ ಉದಾಹರಣೆಯ ಚಿತ್ರಕ್ಕೆ ಇನ್ನೂ ಒಂದು ಎಚ್ಚರ ಬೇಕು. ಮೈಸೂರು ಶೈಲಿಯಲ್ಲಿ ಒಡವೆ, ಮಂಟಪ, ಸೀರೆಯ ಅಂಚುಗಳನ್ನು ಗೆಸ್ಸೊ ಎಂಬ, ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪದಿಂದ ತುಸು ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಹಚ್ಚಿರುತ್ತಾರೆ. ಒಂದು ಮೌಂಟ್ ಬೋರ್ಡಿನ ದಪ್ಪ ಕೆಲವೊಮ್ಮೆ ಆ ಉಬ್ಬಿಗೆ ಸಾಲುವುದಿಲ್ಲ. ಆಗ ಎರಡು ಬೋರ್ಡುಗಳನ್ನು ಒಂದರ ಮೇಲೊಂದು ಇಡುತ್ತಾರೆ, ಅಥವಾ ಗಾಜಿನ ಅಂಚಿನಲ್ಲಿ, ಪಟ್ಟಿಯ ಮರೆಯಲ್ಲಿ, ಕಾಲು ಇಂಚು ದಪ್ಪದ ತೆಳು ಪಟ್ಟಿಗಳನ್ನು ನಿಲ್ಲಿಸಿ ಅಂತರ ಹೆಚ್ಚಿಸುತ್ತಾರೆ. ಕಲ್ಲು, ಗಾಜಿನ ಹರಳು ಕೂರಿಸಿದ ತಂಜಾವೂರು ಚಿತ್ರಗಳಿಗೆ ಈ ಅಂತರ ಇನ್ನೂ ದೊಡ್ಡದು. ಕಸೂತಿಯಾದರೆ ಅಂಟಿನ ಮಾತೇ ಇಲ್ಲ. ಬಟ್ಟೆಯನ್ನು ಹತ್ತಿಯ ಅರಿವೆ ಹೊದಿಸಿದ ರಟ್ಟಿನ ಮೇಲೆ ಹರಡಿ, ನೇಯ್ಗೆಯ ಎಳೆ ನೇರವಿರುವಂತೆ ನೋಡಿಕೊಂಡು, ಸುತ್ತಲೂ ಸಣ್ಣ ಹೊಲಿಗೆ ಹಾಕಿ ನಿಲ್ಲಿಸುತ್ತಾರೆ. ಕ್ಯಾನ್‌ವಾಸಿನ ಎಣ್ಣೆಬಣ್ಣದ ಚಿತ್ರಕ್ಕೆ ಗಾಜು ಸಾಮಾನ್ಯವಾಗಿ ಬೇಡ. ಅದನ್ನು ಮರದ ಒಳಚೌಕಟ್ಟಿನ ಮೇಲೆ ಪ್ರತಿ ಬದಿಯ ನಡುವಿನಿಂದ ಮೂಲೆಯ ಕಡೆಗೆ ಎಳೆಯುತ್ತ ಬಿಗಿದು, ಮುಂದೆ ಸಡಿಲಾದಾಗ ಮೂಲೆಗಳಲ್ಲಿ ಮರದ ಬೆಣೆ ಬಡಿದು ಮತ್ತೆ ಬಿಗಿಮಾಡುತ್ತಾರೆ.

ಎಲ್ಲವನ್ನೂ ಜೋಡಿಸುವ ಹೊತ್ತಿನಲ್ಲಿ ಕಾರ್ಯಾಗಾರದ ಫ್ಯಾನ್ ನಿಲ್ಲಿಸುತ್ತಾರೆ. ಗಾಜಿನ ಎರಡೂ ಮುಖಗಳನ್ನು ಒರೆಸಿ, ಮೆತ್ತನೆಯ ಕುಂಚದಿಂದ ಬೋರ್ಡಿನ ಮೇಲಿನ ದೂಳನ್ನು ತೆಗೆದು, ಗಾಜು, ಬೋರ್ಡು, ಚಿತ್ರ, ಹಿಂಬದಿಯ ರಟ್ಟುಗಳನ್ನು ಒಂದರ ಮೇಲೊಂದಿಟ್ಟು, ಮೊಳೆ ಹೊಡೆಯುವ ಮುನ್ನ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದು ಕೂದಲು ಸಿಕ್ಕಿದ್ದರೂ ಮತ್ತೆ ಬಿಚ್ಚಬೇಕು, ಬಿಚ್ಚಿದಾಗ ಇನ್ನೊಂದು ಬಂದು ಕೂರುತ್ತದೆ. ಕೆಲಸಗಾರರ ತಾಳ್ಮೆ ಕೆಡುವುದು ಇಲ್ಲೇ. ಹಿಂಬದಿಗೆ ಮರದ ಹಲಗೆ ಅಥವಾ ಪ್ಲೈವುಡ್ ಬಡಿಯುವ ಹಳೆಯ ಪದ್ಧತಿಯಲ್ಲಿ ಹಲಗೆಗಳ ಸಂದು, ಗಂಟುಗಳ ಗುರುತು ಹತ್ತಾರು ವರ್ಷಗಳಲ್ಲಿ ಚಿತ್ರದ ಮೇಲೆ ಕಂದು ಗೆರೆಗಳಾಗಿ ಮೂಡುತ್ತದೆ; ನಡುವೆ ತುಂಬುತ್ತಿದ್ದ ವೃತ್ತಪತ್ರಿಕೆಯೂ ಅಷ್ಟೇ ಕೆಟ್ಟದ್ದು, ಆದರೆ ಪಟಕ್ಕೆ ಯಾವಾಗ ಕಟ್ಟು ಹಾಕಿಸಿದ್ದೆಂದು ತಿಳಿಯಲು ಅದರ ಮೇಲಿನ ತಾರೀಖು ನೆರವಾಗುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಕೊನೆಗೆ ಅಂಚುಗಳಿಗೆ ಕಾಗದದ ಟೇಪು ಹಚ್ಚಿ, ಹಿಂಬದಿಗೆಲ್ಲ ಕಂದು ಕಾಗದ ಅಂಟಿಸಿ, ದೂಳು ಮತ್ತು ಹುಳುಗಳ ದಾರಿ ಮುಚ್ಚುತ್ತಾರೆ.

ತೂಗುಹಾಕುವ ತಂತಿಯಲ್ಲೂ ಸಡಿಲಿನ ಲೆಕ್ಕವಿದೆ. ಬಟ್ಟೆ ಒಣಹಾಕುವ ಹಗ್ಗವನ್ನು ಹೆಚ್ಚು ಬಿಗಿದಷ್ಟೂ ಒದ್ದೆ ಸೀರೆಯ ಭಾರಕ್ಕೆ ಅದರ ಗೂಟ ಬೇಗ ಕೀಳುವಂತೆ, ಕಟ್ಟಿನ ಹಿಂದಿನ ತಂತಿ ಬಿಗಿಯಾದಷ್ಟೂ, ಅದನ್ನು ಕಟ್ಟಲು ಪಕ್ಕದ ಪಟ್ಟಿಗಳಿಗೆ ಹಾಕಿದ ಲೋಹದ ಬಳೆಗಳ ಮೇಲಿನ ಎಳೆತ ಹೆಚ್ಚುತ್ತದೆ. 5 ಕೆ.ಜಿ. ತೂಕದ ಕಟ್ಟನ್ನು ತಂತಿ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಾಗಿ ಹಿಡಿದಿದ್ದರೆ ಪ್ರತಿ ಬದಿಯ ಎಳೆತ 5 ಕೆ.ಜಿ.ಯಷ್ಟೆ. ಇಳಿಜಾರು 10 ಡಿಗ್ರಿಗೆ ಇಳಿದರೆ ಅದೇ ಎಳೆತ 14 ಕೆ.ಜಿ. ಮೀರುತ್ತದೆ, ಅದು ಪಕ್ಕದ ಪಟ್ಟಿಗಳನ್ನು ಒಳಕ್ಕೆ ಬಾಗಿಸಿ ಮೂಲೆಗಳನ್ನು ಬಿಡಿಸುತ್ತದೆ. ಬಳೆಗಳನ್ನು ಮೇಲಿನಿಂದ ಮೂರನೆಯ ಒಂದು ಭಾಗದಷ್ಟು ಕೆಳಗೆ ಹಾಕಿದರೆ ಕಟ್ಟು ಗೋಡೆಗೆ ಹೆಚ್ಚುಕಡಿಮೆ ಸಮನಾಗಿ ಕೂರುತ್ತದೆ. ಇನ್ನೂ ಕೆಳಗಿಳಿಸಿದಷ್ಟೂ ಮುಂದಕ್ಕೆ ವಾಲುತ್ತದೆ. ಹಳೆಯ ಮನೆಗಳ ನಡುಮನೆಯಲ್ಲಿ ಎತ್ತರದಲ್ಲಿ ಸಾಲಾಗಿ ಮುಂದಕ್ಕೆ ಬಾಗಿ ನಿಂತ ಪಟಗಳನ್ನು ಬೇಕೆಂದೇ ಹಾಗೆ ಹಾಕುತ್ತಿದ್ದರು, ಕೆಳಗೆ ಕುಳಿತವರಿಗೆ ಬಾಗಿಲಿನ ಬೆಳಕು ಗಾಜಿನಲ್ಲಿ ಹೊಳೆಯದೆ ಮುಖ ಕಾಣುತ್ತಿತ್ತು. ಹಾಗೆ ಬಾಗಿದ್ದರಿಂದ ಹಿಂದೆ ಗಾಳಿಯಾಡಿ ಗೋಡೆಯ ತೇವ ಚಿತ್ರಕ್ಕೆ ತಾಗದಿದ್ದುದು ಇನ್ನೊಂದು ಲಾಭ. ಈಗಿನ ಸಮತಟ್ಟಾದ ಕಟ್ಟುಗಳ ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಇಲ್ಲವೇ ಬಿರಡೆಯ ಚಿಕ್ಕ ಬಿಲ್ಲೆಗಳನ್ನು ಅಂಟಿಸಿ ಆ ಅಂತರವನ್ನು ಉಳಿಸಿಕೊಳ್ಳುತ್ತಾರೆ.

ಕಟ್ಟು ಸಿದ್ಧವಾಗಿ ಕೈಗೆ ಬಂದಾಗ ಮುಂಬದಿಯ ಹೊಳಪಿಗಿಂತ ಬೇರೆ ಕೆಲವು ಜಾಗಗಳನ್ನು ನೋಡಬೇಕು. ಮೂಲೆಗಳ ಮೇಲೆ ಉಗುರು ಆಡಿಸಿದಾಗ ಸಿಕ್ಕಿಕೊಳ್ಳಬಾರದು. ಕರ್ಣಗಳೆರಡನ್ನೂ ಅಳೆದರೆ ಸಮನಾಗಿರಬೇಕು, ಇಲ್ಲವಾದರೆ ಚೌಕಟ್ಟು ಓರೆಯಾಗಿದೆ ಎಂದರ್ಥ. ಮೆಲ್ಲನೆ ಅಲುಗಿಸಿದರೆ ಗಾಜು ಗಡಗಡಿಸಬಾರದು; ಅಂಚಿನ ಸಡಿಲು ಉಳಿದಿದ್ದರೂ ಹಿಂಬದಿಯ ರಟ್ಟು ಪದರಗಳನ್ನು ಮುಂದಕ್ಕೆ ಒತ್ತಿ ಹಿಡಿದಿರುತ್ತದೆ. ಬಳಸಿದ ಬೋರ್ಡು, ಅಂಟು, ಗಾಜು ಯಾವುದು ಎಂದು ಕೇಳಿ ತಾರೀಖಿನೊಂದಿಗೆ ಹಿಂಬದಿಯ ಕಾಗದದ ಮೇಲೆ ಬರೆಸಿಕೊಂಡರೆ ಮುಂದೆ ಬಿಚ್ಚುವವರಿಗೆ ಎಲ್ಲಿ ನೀರು ಸೋಕಿಸಬಹುದು, ಎಲ್ಲಿ ಸೋಕಿಸಬಾರದು ಎಂದು ತಿಳಿಯುತ್ತದೆ. ಬಿಚ್ಚುವ ಕಾಲ ಬಂದಿತೆಂದು ಹೇಳುವ ಗುರುತುಗಳೂ ಹೊರಗೇ ಕಾಣುತ್ತವೆ: ಕಿಂಡಿಯ ಓರೆ ಅಂಚು ಹಳದಿಯಾಗುವುದು, ಗಾಜಿನ ಒಳಮುಖದಲ್ಲಿ ಮಂಜು ನಿಲ್ಲುವುದು, ಹಿಂಬದಿಯ ಕಾಗದದಲ್ಲಿ ಹುಳು ಕೊರೆದ ಸಣ್ಣ ತೂತುಗಳು ಕಾಣುವುದು. ಮೂರನೆಯದು ಕಂಡರೆ ಮಾತ್ರ ಮುಂದಿನ ವಾರಕ್ಕೆಂದು ಮುಂದೂಡದೆ ಅಂದೇ ಕಟ್ಟನ್ನು ಗೋಡೆಯಿಂದ ಇಳಿಸಿ, ಪಕ್ಕದ ಪಟಗಳ ಹಿಂಬದಿಯನ್ನೂ ನೋಡಬೇಕು.